ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವಿದೇಶೀ ಸಂಶೋಧಕರ ವಾಸಾಧಿಕಾರ

ನಮ್ಮ ಕಾಲೇಜುಗಳಲ್ಲಿ ಓದಿ, ಮುಂದೆ ಡಾಕ್ಟರೇಟ್ ಪದವಿಯನ್ನು ಪಡೆದ ತರುಣ ತರುಣಿಯರಲ್ಲಿ ಅನೇಕರು ಎರಡು ಮೂರು ವರ್ಷಗಳ ಹೆಚ್ಚಿನ ಸಂಶೋಧನೆಗಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾನಿಲಯಗಳನ್ನು ಸೇರುತ್ತಿರುವರು. ಇಂಥವರನ್ನು ಪೋಸ್ಟ್‌ಡಾಕ್ ಎಂದು ಕರೆಯುವುದು ರೂಢಿ. ಈ ಹುದ್ದೆಯು ವಿದ್ಯಾರ್ಥಿಯದೂ ಅಲ್ಲ, ಅಧ್ಯಾಪಕನದೂ ಅಲ್ಲ, ಎರಡರ ನಡುವಣದು. ಅಲ್ಲಿಂದ ಬರುವ ನೇಮಕ ಪತ್ರದಲ್ಲಿ ವೇತನ, ಅವಧಿ, ಸಂಶೋಧನೆಯ ವಿಷಯ ಇವೆಲ್ಲ ವಿಶದವಾಗಿರುತ್ತವೆ. ಯಾವ ವೀಸಾದ ಮೇಲೆ ಬರತಕ್ಕದ್ದೆಂಬುದು ಮಾತ್ರ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಸಂತೋಷದ ಭರದಲ್ಲಿ ಆ ಸಾಲನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. ಆದರೆ ಐದಾರು ವರ್ಷಗಳ ತರುವಾಯ ಅಲ್ಲಿ ನೆಲಸಬಹುದೇ, ಬೇರೆ ಕೆಲಸಕ್ಕೆ ಹೋಗಬಹುದೇ, ಇಲ್ಲವೆ ಎಲ್ಲವನ್ನೂ ಬಿಟ್ಟು ಹಿಂದಿರುಗಬೇಕೇ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುವು ಎರಡೇ: ಒಂದು ಆ ಸಾಲು, ಇನ್ನೊಂದು ಸಂಶೋಧಕನು ಹುಟ್ಟಿದ ದೇಶ. ಅವನ ಪಾಂಡಿತ್ಯದ ಪ್ರಶ್ನೆ ಇವುಗಳ ಅನಂತರ ಬರುತ್ತದೆ.

ಇದು ಹೇಗೆ ಹೀಗಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ನಾವು ನ್ಯಾಯವಾದಿಗಳಲ್ಲ, ಇತಿಹಾಸದ ಅಧ್ಯಾಪಕರು. ಆದುದರಿಂದ ಅರ್ಜಿ ತುಂಬುವ ವಿಧಾನಕ್ಕಿಂತ ಹೆಚ್ಚಾಗಿ, ಇಂದಿನ ನಿಯಮಗಳು ಯಾವ ಕಾಲದ ಯಾವ ಭಾವನೆಗಳಿಂದ ಹುಟ್ಟಿದುವೆಂಬುದರ ಕಡೆಗೆ ನಮ್ಮ ಗಮನವಿರುವುದು ಸಹಜ. ಈ ಹಿನ್ನೆಲೆಯನ್ನು ಅರಿಯದವರಿಗೆ ಆ ನಿಯಮಗಳು ಅರ್ಥವಿಲ್ಲದ ಗೊಂದಲದಂತೆ ತೋರುತ್ತವೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಭಾರತೀಯರಿಗೆ ಅಮೆರಿಕೆಯಲ್ಲಿ ನೆಲಸುವ ಹಕ್ಕೇ ಇರಲಿಲ್ಲವೆನ್ನಬಹುದು. ೧೯೧೭ರ ಶಾಸನವು ಏಷ್ಯಾದ ಬಹುಭಾಗವನ್ನು ವಲಸೆಗೆ ನಿಷಿದ್ಧವಾದ ವಲಯವೆಂದು ಸಾರಿತು. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಅದೇ ವರ್ಷ ಬಾಸ್ಟನ್ನಿಗೆ ಬಂದ ಎಲ್ಲಪ್ರಗಡ ಸುಬ್ಬರಾವ್ ಅವರು ಜೀವರಸಾಯನ ಶಾಸ್ತ್ರದಲ್ಲಿ ಮಹತ್ತಾದ ಕೆಲಸ ಮಾಡಿ, ೧೯೪೮ರಲ್ಲಿ ಆ ದೇಶದ ಪೌರರಾಗದೆಯೇ ತೀರಿಕೊಂಡರು. ೧೯೪೬ರ ಶಾಸನದಿಂದ ಬಾಗಿಲು ತುಸು ತೆರೆಯಿತು: ವರ್ಷಕ್ಕೆ ೧೦೦ ಮಂದಿ ಭಾರತೀಯರು ನೆಲಸಲು ಬರಬಹುದು. ೧೯೫೨ರ ಶಾಸನವೂ ಈ ನೂರನ್ನು ಹಾಗೆಯೇ ಇರಿಸಿಕೊಂಡಿತು. ಅಷ್ಟೇ ಅಲ್ಲ, ಏಷ್ಯಾದ ಜನರನ್ನು ಹುಟ್ಟಿದ ಸ್ಥಳದಿಂದಲ್ಲದೆ ವಂಶದಿಂದ ಎಣಿಸುವ ಕ್ರಮವನ್ನು ವಿಧಿಸಿತು. ಭಾರತೀಯ ತಂದೆತಾಯಿಗಳಿಗೆ ಲಂಡನ್ನಿನಲ್ಲಿ ಹುಟ್ಟಿದವನೂ ಈ ನೂರರ ಲೆಕ್ಕಕ್ಕೇ ಸೇರತಕ್ಕವನು.

ಹೀಗೆ ನೆಲಸುವವರ ಬಾಗಿಲು ಮುಚ್ಚಿದ್ದ ಕಾಲದಲ್ಲಿಯೇ ವಿದ್ವಾಂಸರಿಗಾಗಿ ಬೇರೆ ಎರಡು ದಾರಿಗಳು ಏರ್ಪಟ್ಟವು. ಒಂದು ಅತಿಥಿಯ ದಾರಿ. ಎರಡನೆಯ ಮಹಾಯುದ್ಧದ ತರುವಾಯ ಅನ್ಯದೇಶಗಳ ವಿದ್ಯಾವಂತರನ್ನು ಕರೆದು, ಕಲಿಸಿ, ಸ್ನೇಹಭಾವದೊಡನೆ ಹಿಂದಕ್ಕೆ ಕಳುಹಿಸಬೇಕೆಂಬುದು ಅಮೆರಿಕೆಯ ರಾಜನೀತಿಯ ಒಂದು ಅಂಗವಾಯಿತು. ೧೯೪೮ರಲ್ಲಿ ಮೊದಲಾದ ಈ ವಿನಿಮಯ ಯೋಜನೆಯೇ ೧೯೬೧ರ ಶಾಸನದಿಂದ ಜೆ ಎಂಬ ಹೆಸರಿನ ವೀಸಾ ಆಯಿತು. ಇನ್ನೊಂದು ಕೆಲಸಗಾರನ ದಾರಿ. ೧೯೫೨ರ ಶಾಸನವು ವಿಶೇಷ ಯೋಗ್ಯತೆಯುಳ್ಳವರು ತಾತ್ಕಾಲಿಕ ಕೆಲಸಕ್ಕಾಗಿ ಬರಲೆಂದು ಎಚ್-೧ ಎಂಬ ವರ್ಗವನ್ನು ಕಲ್ಪಿಸಿತು. ಇಂದಿನ ಎಚ್-೧ಬಿ ಇದರ ಸಂತತಿ. ಅತಿಥಿ, ಕೆಲಸಗಾರ, ನಿವಾಸಿ ಎಂಬ ಈ ಮೂರು ಭಾವನೆಗಳು ಇಂದಿಗೂ ಬೇರೆ ಬೇರೆಯಾಗಿಯೇ ಇವೆ. ಪೋಸ್ಟ್‌ಡಾಕ್ ಆದವನು ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಬೇಕಾದಾಗಲೆಲ್ಲ ಎಡವುವುದು ಇವುಗಳ ಹೊಸ್ತಿಲುಗಳಲ್ಲಿಯೇ.

ಪರದೇಶದಿಂದ ನೇರವಾಗಿ ಬರುವ ಪೋಸ್ಟ್‌ಡಾಕ್‌ಗಳಿಗೆ ವಿಶ್ವವಿದ್ಯಾನಿಲಯಗಳು ಹೆಚ್ಚಾಗಿ ನೀಡುವುದು ಜೆ-೧ ವೀಸಾವನ್ನು. ಅದಕ್ಕೆ ಕಾರಣ ಸುಲಭವಾದುದು: ಇದರ ಮುಖ್ಯ ಪತ್ರವಾದ ಡಿಎಸ್-೨೦೧೯ ಅನ್ನು ವಿಶ್ವವಿದ್ಯಾನಿಲಯವೇ ಬರೆದುಕೊಡಬಹುದು, ವಲಸೆ ಇಲಾಖೆಗೆ ಪ್ರತ್ಯೇಕ ಅರ್ಜಿ ಬೇಕಿಲ್ಲ, ಅದರ ಶುಲ್ಕವೂ ಇಲ್ಲ. ಸಂಶೋಧಕನಿಗೂ ಇದರಲ್ಲಿ ಅನುಕೂಲಗಳುಂಟು. ಜೊತೆಗೆ ಬರುವ ಪತಿ ಅಥವಾ ಪತ್ನಿಯು ಅನುಮತಿ ಪಡೆದು ಕೆಲಸ ಮಾಡಬಹುದು. ಸಂಶೋಧಕ ವರ್ಗದಲ್ಲಿ ಒಟ್ಟು ಐದು ವರ್ಷಗಳ ಕಾಲ ಇರಬಹುದು. ಆದರೆ ಈ ಕಾರ್ಯಕ್ರಮವನ್ನು ಮುಗಿಸಿದ ಅಥವಾ ನಡುವೆಯೇ ಬಿಟ್ಟು ಬಂದ ಸಂಶೋಧಕನು ಪುನಃ ಅದೇ ವರ್ಗದಲ್ಲಿ ಹೋಗಲು ೨೪ ತಿಂಗಳು ಕಾಯಬೇಕು. ಆರು ತಿಂಗಳ ಕೆಲಸಕ್ಕೆ ಈ ವರ್ಗದಲ್ಲಿ ಹೋಗಿ ಬಂದವನು, ಮರುವರ್ಷವೇ ಮೂರು ವರ್ಷಗಳ ಒಳ್ಳೆಯ ಹುದ್ದೆ ದೊರೆತಾಗ, ಈ ನಿಯಮದಿಂದ ತಡೆಯಲ್ಪಡುವನು. ಅಲ್ಪಾವಧಿಯ ವಿದ್ವಾಂಸರಿಗೆ ಬೇರೊಂದು ವರ್ಗವಿದ್ದು, ಅದಕ್ಕೆ ಈ ತಡೆ ಇಲ್ಲವೆಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಮೇಲು.

ಜೆ ವೀಸಾದ ಅತ್ಯಂತ ಪ್ರಸಿದ್ಧವಾದ ನಿರ್ಬಂಧವೆಂದರೆ ಎರಡು ವರ್ಷಗಳ ಸ್ವದೇಶವಾಸ. ೧೯೫೬ರ ಶಾಸನದಿಂದ ಬಂದ ಈ ನಿಯಮದಂತೆ, ವಿನಿಮಯ ಯೋಜನೆಯಲ್ಲಿ ಬಂದವನು ತನ್ನ ದೇಶಕ್ಕೆ ಹಿಂದಿರುಗಿ ಎರಡು ವರ್ಷ ವಾಸಮಾಡುವ ತನಕ ಎಚ್ ವರ್ಗದ ವೀಸಾಕ್ಕಾಗಲಿ ಶಾಶ್ವತ ನಿವಾಸಕ್ಕಾಗಲಿ ಅರ್ಹನಲ್ಲ. ಅತಿಥಿಯು ಅತಿಥಿಯಾಗಿಯೇ ಇರಬೇಕೆಂಬುದು ಇದರ ತಾತ್ಪರ್ಯ. ಮೊದಲಿಗೆ ಎಲ್ಲರಿಗೂ ಅನ್ವಯಿಸುತ್ತಿದ್ದ ಇದನ್ನು ೧೯೭೦ರಲ್ಲಿ ಸಡಿಲಿಸಿದರು; ಈಗ ಇದು ಮೂರು ಬಗೆಯವರಿಗೆ ಮಾತ್ರ ಸೀಮಿತ: ಸರ್ಕಾರದ ಹಣದಿಂದ ಬಂದವರು, ವೈದ್ಯಕೀಯ ತರಬೇತಿಗಾಗಿ ಬಂದವರು, ಮತ್ತು ತಮ್ಮ ದೇಶಕ್ಕೆ ಅಗತ್ಯವಾದ ವಿದ್ಯೆಯಲ್ಲಿ ಪರಿಣತರು. ಈ ಮೂರನೆಯವರಿಗಾಗಿ ಯಾವ ದೇಶಕ್ಕೆ ಯಾವ ವಿದ್ಯೆ ಅಗತ್ಯವೆಂಬ ಪಟ್ಟಿಯೊಂದನ್ನು ೧೯೭೨ರಲ್ಲಿ ಪ್ರಕಟಿಸಲಾಯಿತು. ಭಾರತದ ಹೆಸರಿನ ಕೆಳಗೆ ಹತ್ತಾರು ಶಾಸ್ತ್ರಗಳಿದ್ದುದರಿಂದ ನಮ್ಮ ಸಂಶೋಧಕರಲ್ಲಿ ಅನೇಕರು ಬಹುಕಾಲ ಈ ಬಲೆಯೊಳಗಿದ್ದರು. ಭಾರತ ಸರ್ಕಾರದ ಆಕ್ಷೇಪಣೆ ಇಲ್ಲವೆಂದು ತೋರಿಸಿ ವಿನಾಯಿತಿ ಪಡೆಯುವ ಮಾರ್ಗವಿತ್ತು. ಅದಕ್ಕಾಗಿ ರಾಜ್ಯ ಮತ್ತು ಕೇಂದ್ರದ ಕಚೇರಿಗಳಿಂದ, ಹಿಂದಿರುಗುವ ಬಾಧ್ಯತೆ ಇಲ್ಲವೆಂಬ ಪತ್ರಗಳನ್ನು ಕೂಡಿಸಬೇಕಾಗಿದ್ದು, ಅದರಲ್ಲಿ ತಿಂಗಳುಗಟ್ಟಲೆ ಕಳೆಯುತ್ತಿತ್ತು.

೨೦೨೪ನೆಯ ಇಸವಿಯ ಡಿಸೆಂಬರ್ ೯ರಂದು ಜಾರಿಗೆ ಬಂದ ಹೊಸ ಪಟ್ಟಿಯಿಂದ ಭಾರತದ ಹೆಸರನ್ನು ತೆಗೆದುಹಾಕಲಾಯಿತು. ಚೀನಾದ ಹೆಸರನ್ನೂ ಹಾಗೆಯೇ. ಹಳೆಯ ಪಟ್ಟಿಯ ಕಾರಣದಿಂದ ಮಾತ್ರವೇ ಬಂಧಿತರಾಗಿದ್ದವರಿಗೂ ಇದರಿಂದ ಬಿಡುಗಡೆಯಾಯಿತು. ಇದು ದೊಡ್ಡ ಬದಲಾವಣೆ. ಆದರೆ ಇತರ ಎರಡು ಕಾರಣಗಳು ಹಾಗೆಯೇ ಉಳಿದಿವೆಯೆಂಬುದನ್ನು ಮರೆಯುವಂತಿಲ್ಲ. ಫುಲ್‌ಬ್ರೈಟ್ ವೇತನದಿಂದಲೋ ಭಾರತ ಸರ್ಕಾರದ ವೇತನದಿಂದಲೋ ಹೋದವರಿಗೆ ಎರಡು ವರ್ಷದ ನಿಯಮ ಈಗಲೂ ಅನ್ವಯಿಸುತ್ತದೆ. ವೀಸಾದ ಮೇಲೆ ಕಚೇರಿಯವರು ಬರೆಯುವ ಟಿಪ್ಪಣಿಯೇ ಕೊನೆಯ ಮಾತಲ್ಲ. ಸಂದೇಹವಿದ್ದಾಗ ಅಲ್ಲಿಯ ವಿದೇಶಾಂಗ ಇಲಾಖೆಯಿಂದ ಅಭಿಪ್ರಾಯವನ್ನು ಬರೆಯಿಸಿಕೊಳ್ಳಬಹುದು.

ಹಿಂದಿರುಗಿದವರಿಂದ ನಾಡಿಗೆ ಆದ ಲಾಭವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಸಿ. ಎನ್. ಆರ್. ರಾವ್ ಅವರು ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಬರ್ಕ್ಲಿಯಲ್ಲಿ ಸಂಶೋಧನೆ ನಡೆಸಿ, ೧೯೫೯ರಲ್ಲಿ ಬೆಂಗಳೂರಿಗೆ ಬಂದರು. ಉಡುಪಿಯ ಕಡೆಯ ಯು. ಆರ್. ರಾವ್ ಅವರು ಮಸಾಚುಸೆಟ್ಸ್ ಮತ್ತು ಡಲ್ಲಾಸ್‌ಗಳಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿ ೧೯೬೬ರಲ್ಲಿ ಹಿಂದಿರುಗಿದರು. ೧೯೭೫ರ ಆರ್ಯಭಟ ಉಪಗ್ರಹ ಅವರ ನೇತೃತ್ವದಲ್ಲಿ ಸಿದ್ಧವಾಯಿತು. ಆದರೆ ಇವರು ಬಂದುದು ಇಲ್ಲಿ ಕೆಲಸವಿದ್ದುದರಿಂದ, ಕಟ್ಟಬೇಕಾದ ಸಂಸ್ಥೆಗಳಿದ್ದುದರಿಂದ. ವೀಸಾದ ನಿರ್ಬಂಧದಿಂದ ಪ್ರತಿಭೆಯನ್ನು ಹಿಂದಕ್ಕೆ ತರಬಹುದೆಂಬ ವಾದದಲ್ಲಿ ನಮಗೆ ವಿಶ್ವಾಸ ಸಾಲದು.

ಇನ್ನು ಎಚ್-೧ಬಿ. ೧೯೯೦ರ ಶಾಸನವು ಇದಕ್ಕೆ ಇಂದಿನ ರೂಪವನ್ನು ಕೊಟ್ಟಿತು. ವರ್ಷಕ್ಕೆ ೬೫,೦೦೦ ಎಂಬ ಮಿತಿಯನ್ನು ಹಾಕಿತು. ಅಮೆರಿಕೆಯಲ್ಲಿ ಉನ್ನತ ಪದವಿ ಪಡೆದವರಿಗಾಗಿ ೨೦೦೪ರ ಶಾಸನವು ಇನ್ನೂ ೨೦,೦೦೦ವನ್ನು ಸೇರಿಸಿತು. ೨೦೦೦ದ ಶಾಸನವೊಂದು ವಿಶ್ವವಿದ್ಯಾನಿಲಯಗಳನ್ನೂ ಲಾಭೋದ್ದೇಶವಿಲ್ಲದ ಸಂಶೋಧನ ಸಂಸ್ಥೆಗಳನ್ನೂ ಈ ಮಿತಿಯಿಂದ ಹೊರಗಿಟ್ಟಿದೆ. ಆದುದರಿಂದ ಪೋಸ್ಟ್‌ಡಾಕ್‌ಗೆ ಮಿತಿಯ ತೊಡಕಿಲ್ಲ. ಆದರೆ ಅವನು ಮುಂದೆ ಖಾಸಗಿ ಕಂಪನಿಗೆ ಹೋಗುವುದಾದರೆ ಮಿತಿಯೊಳಗಿನ ಆಯ್ಕೆಯನ್ನು ಹೊಸದಾಗಿ ಎದುರಿಸಬೇಕು. ಈ ವೀಸಾದ ದೊಡ್ಡ ಗುಣವೆಂದರೆ, ತಾತ್ಕಾಲಿಕವಾಗಿ ದುಡಿಯುತ್ತಲೇ ಶಾಶ್ವತ ನಿವಾಸವನ್ನು ಬಯಸುವುದು ಇಲ್ಲಿ ದೋಷವಲ್ಲ. ಜೆ ವೀಸಾದವನು ತನ್ನ ದೇಶಕ್ಕೆ ಮರಳುವ ಉದ್ದೇಶವನ್ನು ತೋರಿಸಬೇಕು. ಇವನಿಗೆ ಆ ಕಟ್ಟಿಲ್ಲ. ಸಾಮಾನ್ಯವಾಗಿ ಆರು ವರ್ಷ ಇದರ ಗಡಿ. ಶಾಶ್ವತ ನಿವಾಸದ ಮನವಿ ಮಂಜೂರಾಗಿ ಸರತಿಯಲ್ಲಿ ಕಾಯುತ್ತಿರುವವರಿಗೆ ಮೂರು ಮೂರು ವರ್ಷಗಳಂತೆ ಅದನ್ನು ಮುಂದುವರಿಸಿಕೊಡುತ್ತಾರೆ. ೨೦೨೫ರ ಸೆಪ್ಟೆಂಬರ್ ೧೯ರಂದು ಹೊರಟ ಅಧ್ಯಕ್ಷರ ಘೋಷಣೆಯೊಂದು, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಮನವಿಗೆ ಒಂದು ಲಕ್ಷ ಡಾಲರನ್ನು ತೆರಬೇಕೆಂದು ವಿಧಿಸಿತು. ಒಂದು ವರ್ಷದ ಅವಧಿಗೆಂದು ಹೊರಡಿಸಿದ ಅದು ವಿಶ್ವವಿದ್ಯಾನಿಲಯಗಳನ್ನು ಬಿಡಲಿಲ್ಲ. ಇಂಥ ವೆಚ್ಚವನ್ನು ಪೋಸ್ಟ್‌ಡಾಕ್ ಒಬ್ಬನಿಗಾಗಿ ಯಾವ ವಿಭಾಗವು ತಾನೇ ಹೊತ್ತೀತು?

ಅಮೆರಿಕೆಯಲ್ಲಿಯೇ ಡಾಕ್ಟರೇಟ್ ಮಾಡಿದವರಿಗೆ ವಿದ್ಯಾರ್ಥಿ ವೀಸಾದ ಮೇಲೆಯೇ ಒಂದು ವರ್ಷ ದುಡಿಯುವ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಗಣಿತಗಳವರಿಗೆ ಅದರ ಮೇಲೆ ೨೪ ತಿಂಗಳು ಹೆಚ್ಚು. ಇತಿಹಾಸದವರಿಗೆ ಆ ಎರಡು ವರ್ಷಗಳ ಭಾಗ್ಯವಿಲ್ಲ. ನಮ್ಮ ಶಾಸ್ತ್ರದವರು ಇದಕ್ಕೆ ಒಗ್ಗಿಕೊಂಡಿರುವರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ರೀನ್ ಕಾರ್ಡ್ ಎಂದು ಲೋಕವೆಲ್ಲ ಕರೆಯುವ ಶಾಶ್ವತ ನಿವಾಸದ ಇಂದಿನ ಚೌಕಟ್ಟು ೧೯೬೫ರ ಶಾಸನದಿಂದ ಬಂದುದು. ಜನಾಂಗವನ್ನೂ ವಂಶವನ್ನೂ ನೋಡಿ ಪ್ರಮಾಣವನ್ನು ಹಂಚುತ್ತಿದ್ದ ಹಳೆಯ ಪದ್ಧತಿಯನ್ನು ಅದು ಕಿತ್ತುಹಾಕಿತು. ಪೂರ್ವಗೋಳದ ದೇಶಗಳಿಗೆಲ್ಲ ಒಟ್ಟು ೧,೭೦,೦೦೦, ಯಾವ ಒಂದು ದೇಶಕ್ಕೂ ೨೦,೦೦೦ಕ್ಕಿಂತ ಹೆಚ್ಚಿಲ್ಲ ಎಂದು ಗೊತ್ತುಪಡಿಸಿತು. ನೂರರಿಂದ ಇಪ್ಪತ್ತು ಸಾವಿರಕ್ಕೆ ಏರಿದ ಭಾರತೀಯರಿಗೆ ಅದು ವರದಂತೆಯೇ ತೋರಿರಬೇಕು. ೧೯೯೦ರ ಶಾಸನವು ಉದ್ಯೋಗದ ಮೂಲಕ ನೆಲಸುವವರಿಗೆ ವರ್ಷಕ್ಕೆ ೧,೪೦,೦೦೦ ಸ್ಥಾನಗಳನ್ನು ನಿಗದಿಮಾಡಿ, ದೇಶವೊಂದಕ್ಕೆ ನೂರಕ್ಕೆ ಏಳರಂತೆ ಮಿತಿಯಿಟ್ಟಿತು. ಲಕ್ಸೆಂಬರ್ಗಿಗೂ ಏಳು, ಭಾರತಕ್ಕೂ ಏಳು. ವಂಶದ ತಾರತಮ್ಯವನ್ನು ಹೋಗಲಾಡಿಸಲು ದೇಶಗಳನ್ನು ಸಮಾನವಾಗಿ ಕಂಡ ಶಾಸನವು, ಆ ದೇಶಗಳಲ್ಲಿರುವ ಮನುಷ್ಯರನ್ನು ಅಸಮಾನರನ್ನಾಗಿ ಮಾಡಿತು. ಇದನ್ನು ಹಳೆಯ ದ್ವೇಷದ ಮುಂದುವರಿಕೆಯೆಂದು ಭಾವಿಸುವುದು ಸರಿಯಲ್ಲ. ಸದುದ್ದೇಶದ ನಿಯಮವೊಂದು, ಅದನ್ನು ರಚಿಸಿದವರು ಊಹಿಸದಿದ್ದ ಸಂಖ್ಯೆಗಳನ್ನು ಎದುರಿಸಿದುದರ ಫಲವಿದು.

ಲೆಕ್ಕವನ್ನು ತುಸು ವಿವರವಾಗಿ ನೋಡಬೇಕು. ಸಂಶೋಧಕರಿಗೆ ಸಂಬಂಧಿಸಿದವು ಮೊದಲ ಎರಡು ವರ್ಗಗಳು; ಇವುಗಳಿಗೆ ಇಬಿ-೧, ಇಬಿ-೨ ಎಂದು ಹೆಸರು. ಒಂದೊಂದಕ್ಕೂ ೧,೪೦,೦೦೦ದಲ್ಲಿ ನೂರಕ್ಕೆ ೨೮.೬ರಂತೆ ೪೦,೦೪೦ ಸ್ಥಾನಗಳು. ಪತಿ, ಪತ್ನಿ, ಮಕ್ಕಳೂ ಇದರಲ್ಲಿಯೇ ಎಣಿಕೆಯಾಗುವರು. ಇದರ ಏಳು ಪಾಲೆಂದರೆ ಒಂದು ದೇಶಕ್ಕೆ ಒಂದು ವರ್ಗದಲ್ಲಿ ವರ್ಷಕ್ಕೆ ಸುಮಾರು ೨,೮೦೦. ಇತರ ದೇಶದವರು ಬಳಸದೆ ಉಳಿದ ಸ್ಥಾನಗಳು ಕೆಲವು ವರ್ಷ ಭಾರತೀಯರಿಗೆ ಒದಗುವುದುಂಟು. ಆದರೆ ಅದನ್ನು ನಂಬಿಕೊಳ್ಳುವಂತಿಲ್ಲ. ಮನವಿಯನ್ನು ಸಲ್ಲಿಸಿದ ದಿನವೇ ಅರ್ಜಿದಾರನ ಆದ್ಯತಾ ದಿನಾಂಕ. ಯಾವ ದಿನಾಂಕದವರೆಗಿನವರ ಸರತಿ ಬಂದಿದೆಯೆಂಬುದನ್ನು ಅಲ್ಲಿಯ ವಿದೇಶಾಂಗ ಇಲಾಖೆಯು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ೨೦೨೫ರ ಆಗಸ್ಟ್ ತಿಂಗಳ ಪ್ರಕಟಣೆಯಲ್ಲಿ ಭಾರತದಲ್ಲಿ ಹುಟ್ಟಿದವರಿಗೆ ಇಬಿ-೨ರ ದಿನಾಂಕ ೨೦೧೩ರ ಜನವರಿ ೧ ಆಗಿದ್ದಿತು. ಇಬಿ-೧ರದು ೨೦೨೨ರ ಫೆಬ್ರವರಿ ೧೫. ಹನ್ನೆರಡು ವರ್ಷಗಳ ಹಿಂದೆ ಮನವಿ ಸಲ್ಲಿಸಿದವರು ಆಗ ಬಾಗಿಲ ಬಳಿಗೆ ಬಂದಿದ್ದರೆಂದರ್ಥ. ಈಗ ಸರತಿಯ ಹಿಂಬದಿಗೆ ಸೇರುವವರು ಹನ್ನೆರಡೇ ವರ್ಷ ಕಾದರೆ ಸಾಕೆಂದು ಇದರಿಂದ ತಿಳಿಯಬಾರದು. ಅವರ ಮುಂದಿರುವವರ ಸಂಖ್ಯೆ ವರ್ಷಕ್ಕೆ ಕದಲುವ ಸಂಖ್ಯೆಗಿಂತ ಎಷ್ಟೋ ಮಡಿ ಹೆಚ್ಚಿನದು.

ಉದಾಹರಣೆಗಾಗಿ ಒಂದೇ ಪ್ರಯೋಗಶಾಲೆಯಲ್ಲಿರುವ ಇಬ್ಬರು ರಸಾಯನಶಾಸ್ತ್ರಜ್ಞೆಯರನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಧಾರವಾಡದಲ್ಲಿ ಹುಟ್ಟಿದವಳು, ಇನ್ನೊಬ್ಬಾಕೆ ಕಠ್ಮಂಡುವಿನಲ್ಲಿ. ಇಬ್ಬರೂ ಜೊತೆಯಾಗಿ ಬರೆದ ಪ್ರಬಂಧಗಳನ್ನೇ ಆಧಾರವಾಗಿಟ್ಟು, ಒಂದೇ ದಿನ, ಇಬಿ-೨ರೊಳಗಿನ ರಾಷ್ಟ್ರಹಿತದ ವಿನಾಯಿತಿಯನ್ನು ಕೋರಿ ಮನವಿ ಸಲ್ಲಿಸುತ್ತಾರೆ. ಈ ವಿನಾಯಿತಿಗೆ ಮಾಲಿಕನ ಪ್ರಾಯೋಜನೆ ಬೇಕಿಲ್ಲ. ೨೦೧೬ರ ಧನಸರ್ ನಿರ್ಣಯದಂತೆ ಮೂರು ಅಂಶಗಳನ್ನು ತೋರಿಸಿದರಾಯಿತು: ಕೈಗೊಂಡ ಕೆಲಸಕ್ಕೆ ಹುರುಳೂ ರಾಷ್ಟ್ರೀಯ ಮಹತ್ವವೂ ಉಂಟು, ಅದನ್ನು ನಡೆಸಲು ಅರ್ಜಿದಾರನು ಸಮರ್ಥನು, ಉದ್ಯೋಗದ ಕರಾರನ್ನು ಕೈಬಿಡುವುದರಿಂದ ದೇಶಕ್ಕೆ ಹಿತವಿದೆ. ಇಬ್ಬರ ಮನವಿಗಳೂ ಮಂಜೂರಾಗುತ್ತವೆ. ಕಠ್ಮಂಡುವಿನಾಕೆಗೆ ಕೆಲವೇ ವರ್ಷಗಳಲ್ಲಿ ಕಾರ್ಡು ಕೈಸೇರುತ್ತದೆ. ಧಾರವಾಡದಾಕೆಗೆ ಸಿಗುವುದು ಒಂದು ದಿನಾಂಕ ಮಾತ್ರ. ಇಲ್ಲಿ ಪೌರತ್ವವು ಗಣನೆಗೆ ಬರುವುದಿಲ್ಲ. ಆಕೆ ಮುಂದೆ ಕೆನಡಾದ ಪೌರಳಾದರೂ ಭಾರತದ ಲೆಕ್ಕವೇ. ಆದರೆ ಆಕೆಯ ಪತಿಯು ಬೇರೆ ದೇಶದಲ್ಲಿ ಹುಟ್ಟಿದವನಾಗಿದ್ದರೆ ಆ ದೇಶದ ಸರತಿಯನ್ನು ಇಬ್ಬರೂ ಬಳಸಿಕೊಳ್ಳಬಹುದು.

ಆದುದರಿಂದ ಅಮೆರಿಕೆಯಲ್ಲಿ ನೆಲಸಬಯಸುವ ಭಾರತೀಯ ಸಂಶೋಧಕನು ಕಣ್ಣಿಡಬೇಕಾದುದು ಇಬಿ-೧ರ ಮೇಲೆ. ಇದರಲ್ಲಿಯೂ ಸಂಶೋಧಕರಿಗೆ ಸಂಬಂಧಿಸಿದ ಎರಡು ಕವಲುಗಳಿವೆ. ಪ್ರಸಿದ್ಧ ಸಂಶೋಧಕರ ಕವಲಿನಲ್ಲಿ ಆರು ಲಕ್ಷಣಗಳ ಪೈಕಿ ಎರಡು ಮತ್ತು ಮೂರು ವರ್ಷಗಳ ಅನುಭವ ಇದ್ದರೆ ಸಾಕು; ಮನವಿಯನ್ನು ಮಾತ್ರ ಸಂಸ್ಥೆಯೇ ಸಲ್ಲಿಸಬೇಕು, ಹುದ್ದೆಯು ಶಾಶ್ವತವಾಗಿರಬೇಕು. ವರ್ಷದಿಂದ ವರ್ಷಕ್ಕೆ ನವೀಕರಿಸುವ ಪೋಸ್ಟ್‌ಡಾಕ್ ಹುದ್ದೆಯನ್ನು ಶಾಶ್ವತವೆಂದು ಬರೆದುಕೊಡಲು ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗೆ ಸಂಶೋಧಕರಿಗೆಂದೇ ಮಾಡಿದ ಬಾಗಿಲು, ಸಂಶೋಧನೆಯ ಬಹುಭಾಗವನ್ನು ಕೈಯಿಂದ ಮಾಡುವ ಪೋಸ್ಟ್‌ಡಾಕ್‌ಗೆ ಮುಚ್ಚಿದೆ. ಉಳಿದುದು ಅಸಾಧಾರಣ ಸಾಮರ್ಥ್ಯದ ಕವಲು. ಇಲ್ಲಿ ತಾನೇ ಮನವಿ ಸಲ್ಲಿಸಬಹುದು. ನೊಬೆಲಿನಂಥ ಪಾರಿತೋಷಕವಿಲ್ಲದವರು ಹತ್ತು ಲಕ್ಷಣಗಳ ಪೈಕಿ ಮೂರನ್ನಾದರೂ ತೋರಿಸಬೇಕು. ೨೦೧೦ರ ಕಜಾರಿಯನ್ ತೀರ್ಪಿನ ತರುವಾಯ, ಮೂರನ್ನು ಎಣಿಸಿದ ಮೇಲೆ ಒಟ್ಟಾರೆಯಾಗಿ ಆ ವ್ಯಕ್ತಿಯು ತನ್ನ ಕ್ಷೇತ್ರದ ಶಿಖರದಲ್ಲಿರುವ ಕೆಲವರಲ್ಲೊಬ್ಬನೇ ಎಂಬುದನ್ನು ಅಧಿಕಾರಿಗಳು ಎರಡನೆಯ ಬಾರಿ ತೂಗಿ ನೋಡುತ್ತಾರೆ. ಡಾಕ್ಟರೇಟ್ ಮುಗಿಸಿ ನಾಲ್ಕು ವರ್ಷವಾದವರಿಂದ ಶಿಖರವನ್ನು ನಿರೀಕ್ಷಿಸುವುದು ನ್ಯಾಯವೇ ಎಂದು ಕೇಳಬಹುದು. ಆದರೂ ಯಶಸ್ವಿಯಾದವರು ಇಲ್ಲದಿಲ್ಲ. ಮೊದಲು ಇಬಿ-೨ರಲ್ಲಿ ಮಂಜೂರಾಗಿದ್ದ ಮನವಿಯ ದಿನಾಂಕವನ್ನು ಆಮೇಲೆ ಇಬಿ-೧ರಲ್ಲಿಯೂ ಉಳಿಸಿಕೊಳ್ಳಬಹುದಾದುದರಿಂದ, ಬೇಗ ಒಂದು ಮನವಿಯನ್ನು ಸಲ್ಲಿಸಿಡುವುದು ವ್ಯರ್ಥವಲ್ಲ.

ಒ-೧ ಎಂಬ ತಾತ್ಕಾಲಿಕ ವೀಸಾವೂ ಅಸಾಧಾರಣ ಸಾಮರ್ಥ್ಯದವರಿಗೇ. ಇದಕ್ಕೆ ವಾರ್ಷಿಕ ಮಿತಿಯಿಲ್ಲ. ಎರಡು ವರ್ಷದ ನಿಯಮಕ್ಕೆ ಒಳಪಟ್ಟವರೂ ಇದನ್ನು ಹೊರದೇಶದ ರಾಯಭಾರ ಕಚೇರಿಯಲ್ಲಿ ಪಡೆಯಬಹುದು.

ಸರತಿಯ ಭಾರವು ಸಂಶೋಧಕನೊಬ್ಬನ ಮೇಲೆಯೇ ಬೀಳುವುದಿಲ್ಲ. ಎಚ್-೧ಬಿ ಇರುವವರ ಪತಿ ಅಥವಾ ಪತ್ನಿಗೆ, ೨೦೧೫ರ ನಿಯಮದಂತೆ, ಶಾಶ್ವತ ನಿವಾಸದ ಮನವಿ ಮಂಜೂರಾದ ಮೇಲಷ್ಟೇ ಕೆಲಸದ ಅನುಮತಿ ದೊರೆಯುವುದು ಸಾಮಾನ್ಯ. ಮಕ್ಕಳು ೨೧ ವರ್ಷ ತುಂಬಿದೊಡನೆ ತಂದೆತಾಯಿಗಳ ಅರ್ಜಿಯಿಂದ ಹೊರಬೀಳುವರು. ೨೦೦೨ರ ಶಾಸನವು ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿದ್ದರೂ, ದಶಕಗಳ ಸರತಿಗೆ ಅದು ಸಾಲದು. ಮೂರು ವರ್ಷದ ಮಗುವಿನೊಡನೆ ಹೋದ ದಂಪತಿಗಳು ಈ ಲೆಕ್ಕವನ್ನು ಹೋಗುವಾಗಲೇ ಮಾಡಬೇಕಾಗಿ ಬಂದಿರುವುದು ವಿಷಾದಕರ.

ಬೇರೆ ದೇಶಗಳಲ್ಲಿ ಹುಟ್ಟಿದ ನೆಲಕ್ಕೆ ಇಷ್ಟು ಪ್ರಾಧಾನ್ಯವಿಲ್ಲ. ಕೆನಡಾ ೧೯೬೭ರಿಂದ ವಿದ್ಯೆ, ಭಾಷೆ, ವಯಸ್ಸುಗಳಿಗೆ ಅಂಕಗಳನ್ನು ಕೊಟ್ಟು ಆರಿಸುತ್ತ ಬಂದಿದೆ. ಜರ್ಮನಿಯಲ್ಲಿ ಸಾಕಷ್ಟು ಸಂಬಳವಿದ್ದು ನೀಲಿ ಕಾರ್ಡ್ ಪಡೆದವನು ೨೭ ತಿಂಗಳಲ್ಲಿ, ಜರ್ಮನ್ ಭಾಷೆಯನ್ನು ಸಾಧಾರಣ ಮಟ್ಟಿಗೆ ಕಲಿತಿದ್ದರೆ ೨೧ ತಿಂಗಳಲ್ಲಿಯೇ, ಶಾಶ್ವತ ನಿವಾಸವನ್ನು ಕೇಳಬಹುದು. ಅಲ್ಲಿಯ ತೊಡಕು ಬೇರೆಯದು. ೨೦೦೭ರ ಶಾಸನವೊಂದು ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ನಂತರದ ತಾತ್ಕಾಲಿಕ ನೇಮಕಗಳಿಗೆ ಸಾಮಾನ್ಯವಾಗಿ ಆರು ವರ್ಷಗಳ ಗಡಿಯನ್ನು ಹಾಕಿದೆ. ಶಾಶ್ವತ ಹುದ್ದೆಗಳೋ ವಿರಳ. ಅಮೆರಿಕೆಯಲ್ಲಿ ಕೆಲಸವಿದ್ದೂ ನೆಲೆಯಿಲ್ಲದವರನ್ನು ಕಾಣುವಂತೆ, ಜರ್ಮನಿಯಲ್ಲಿ ನೆಲೆಯಿದ್ದೂ ಕೆಲಸವಿಲ್ಲದವರನ್ನು ಕಾಣಬಹುದು.

ನಮ್ಮ ಅಧ್ಯಾಪಕ ಮಿತ್ರರು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಕೊಡಬಹುದಾದ ಸಣ್ಣ ಸಂಗತಿಯೊಂದಿದೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಇತರರ ಪ್ರಬಂಧಗಳನ್ನು ಪತ್ರಿಕೆಗಳಿಗಾಗಿ ಪರಿಶೀಲಿಸಿಕೊಟ್ಟುದೂ ಒಂದು. ತನ್ನ ಕೆಲಸವನ್ನು ಕುರಿತು ಬೇರೆಯವರು ಬರೆದುದು ಇನ್ನೊಂದು. ಸಂಪಾದಕರಿಂದ ಬಂದ ಪತ್ರಗಳು, ಪಾರಿತೋಷಕದ ಆಯ್ಕೆಯ ಕ್ರಮವನ್ನು ತಿಳಿಸುವ ಪ್ರಕಟಣೆಗಳು, ಸಮ್ಮೇಳನಗಳ ಆಹ್ವಾನಗಳು, ಹಳೆಯ ಡಿಎಸ್-೨೦೧೯ರ ಪ್ರತಿಗಳು, ವೇತನವು ಯಾರ ಹಣದಿಂದ ಬಂದಿತೆಂಬುದರ ದಾಖಲೆ ಇವೆಲ್ಲವನ್ನೂ ಡಾಕ್ಟರೇಟ್ ವ್ಯಾಸಂಗದ ಮೊದಲ ವರ್ಷದಿಂದಲೇ ತಾರೀಖಿನ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳತಕ್ಕದ್ದು. ಹತ್ತು ವರ್ಷಗಳ ತರುವಾಯ ಅವುಗಳನ್ನು ಹುಡುಕಹೊರಟಾಗ ಸಂಪಾದಕರು ಬದಲಾಗಿರುತ್ತಾರೆ, ವಿಭಾಗದ ಗುಮಾಸ್ತರು ನಿವೃತ್ತರಾಗಿರುತ್ತಾರೆ.